ಕಾಲದ ಕುಣಿಕೆ, ಮನಸ್ಸಿನ ಗಂಟು



 

ಕಾಲಯಾನದ ಚಿತ್ರ ನೋಡಿದಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಇದು: ಆಗಬೇಕಾದದ್ದೆಲ್ಲ ಆಗಿಯೇ ಹೋಗಿದ್ದರೆ ಪಾತ್ರ ಏನನ್ನು ಬಯಸಬೇಕು, ಯಾಕೆ ಬಯಸಬೇಕು?

ಈ ಪ್ರಶ್ನೆಯ ಬೇರು ಹುಡುಕಲು ಬೀಜಾಂಕುರ ನ್ಯಾಯವನ್ನು ನೆನೆಯೋಣ. ಬೀಜದಿಂದ ಗಿಡ, ಗಿಡದಿಂದ ಬೀಜ. ಆದರೆ ಪ್ರತಿ ಸಲವೂ ಬೀಜ ಬೇರೆ, ಗಿಡ ಬೇರೆ. ಗಿಡವನ್ನು ಹುಟ್ಟಿಸಿದ ಬೀಜವೇ ಮತ್ತೆ ಆ ಗಿಡದಲ್ಲಿ ಹುಟ್ಟಿತೆಂದರೆ ತಾರ್ಕಿಕರು ಅನ್ಯೋನ್ಯಾಶ್ರಯ ದೋಷವೆಂದು ತಳ್ಳಿಹಾಕುತ್ತಾರೆ. ಕಾಲಯಾನದ ಕಥೆ ಆ ದೋಷದ ಮೇಲೆಯೇ ಮನೆ ಕಟ್ಟುತ್ತದೆ. ಆ ಮನೆಯನ್ನು ನಿಲ್ಲಿಸುವ ಕಂಬ ಪಾತ್ರದ ಆಸೆ ಎಂಬುದು ನನ್ನ ವಾದ.

ಜೇಮ್ಸ್ ಕ್ಯಾಮರೂನ್ ಅವರ 'ದಿ ಟರ್ಮಿನೇಟರ್' (1984) ನೋಡಿ. 2029ರಿಂದ ಜಾನ್ ಕಾನರ್ ತನ್ನ ತಾಯಿ ಸಾರಾಳನ್ನು ಕಾಪಾಡಲು ಕೈಲ್ ರೀಸ್‌ನನ್ನು ಹಿಂದಕ್ಕೆ ಕಳಿಸುತ್ತಾನೆ. ಆ ಕೈಲ್‌ನೇ ಜಾನ್‌ನ ತಂದೆಯಾಗುತ್ತಾನೆ. ಇಷ್ಟೇ ಆಗಿದ್ದರೆ ಅದು ಒಗಟು. ಆದರೆ ಕೈಲ್ ತಾನಾಗಿಯೇ ಮುಂದೆ ಬಂದವನು. ಸಾರಾಳ ಒಂದು ಫೋಟೋವನ್ನು ಕಂಡು ಮನಸೋತವನು. ಆ ಕ್ಷಣದಲ್ಲಿ ಅವಳು ಏನು ಯೋಚಿಸುತ್ತಿದ್ದಳೋ ಎಂದು ಹಂಬಲಿಸಿದವನು. ಚಿತ್ರದ ಕೊನೆಯಲ್ಲಿ ಪೆಟ್ರೋಲ್ ಬಂಕಿನ ಬಳಿ ಹುಡುಗನೊಬ್ಬ ಆ ಫೋಟೋ ತೆಗೆಯುತ್ತಾನೆ. ಅವಳ ಮನಸ್ಸಿನಲ್ಲಿ ಆಗ ಇರುವವನು ಸತ್ತುಹೋದ ಕೈಲ್. ಕಾಲದ ಕುಣಿಕೆ ಬಿಗಿಯುವುದು ಅಲ್ಲಿ, ಒಬ್ಬ ವಿಧವೆಯಂಥ ಹೆಣ್ಣಿನ ನೆನಪಿನಲ್ಲಿ.

ಸ್ಪೇನಿನ ನಾಚೋ ವಿಗಲೊಂಡೊ 'ಟೈಮ್‌ಕ್ರೈಮ್ಸ್' (2007) ಚಿತ್ರದಲ್ಲಿ ಈ ಆಸೆಯ ಇನ್ನೊಂದು ಮುಖ ತೋರಿಸಿದ್ದಾರೆ. ಕಾಲದಲ್ಲಿ ಸ್ವಲ್ಪವೇ ಹಿಂದಕ್ಕೆ ಜಾರಿದ ನಾಯಕ ಎಕ್ಟರ್, ತನ್ನ ಬದುಕು ತನಗೆ ಮರಳಬೇಕೆಂದು, ತಾನು ಮೊದಲು ಕಂಡದ್ದನ್ನೆಲ್ಲ ತಾನೇ ಮಾಡಿ ಮುಗಿಸಲು ಹೊರಡುತ್ತಾನೆ. ಅದಕ್ಕಾಗಿ ಪರಿಚಯವಿಲ್ಲದ ಹುಡುಗಿಯನ್ನು ಕತ್ತರಿ ತೋರಿಸಿ ಹೆದರಿಸುತ್ತಾನೆ. "ಹೀಗೇ ಆಗಿತ್ತು, ಆದ್ದರಿಂದ ಹೀಗೇ ಮಾಡುತ್ತೇನೆ" ಎಂಬ ತರ್ಕ ಸಾಮಾನ್ಯ ಮನುಷ್ಯನನ್ನು ಎಲ್ಲಿಗೆ ಇಳಿಸುತ್ತದೆ ಎಂಬುದನ್ನು ನೋಡಿ ನಾನು ನಡುಗಿದ್ದೇನೆ. ಹಣೆಬರಹದ ಹೆಸರಿನಲ್ಲಿ ನಾವು ಮಾಡುವ ತಪ್ಪುಗಳೂ ಇದೇ ಜಾತಿಯವು.

ಇವೆರಡಕ್ಕೂ ಹಿರಿಯದು ಕ್ರಿಸ್ ಮಾರ್ಕರ್ ಅವರ 'ಲಾ ಜೆತೇ' (1962). 28 ನಿಮಿಷಗಳ ಈ ಫ್ರೆಂಚ್ ಚಿತ್ರ ಬಹುತೇಕ ನಿಶ್ಚಲ ಛಾಯಾಚಿತ್ರಗಳ ಮಾಲೆ. ಒಮ್ಮೆ ಮಾತ್ರ ಚಿತ್ರ ಚಲಿಸುತ್ತದೆ: ಮಲಗಿದ ಹೆಣ್ಣು ಕಣ್ಣು ತೆರೆದು ನಮ್ಮತ್ತ ನೋಡುತ್ತಾಳೆ. ಮೂರನೆಯ ಮಹಾಯುದ್ಧದ ನಂತರ ಪ್ಯಾರಿಸ್ಸಿನ ನೆಲದಡಿ ಸೆರೆಯಾದವನನ್ನು ಹಿಂದಕ್ಕೆ ಕಳಿಸಲು ಆರಿಸುವುದು, ಬಾಲ್ಯದ ಒಂದು ಚಿತ್ರ ಅವನಲ್ಲಿ ಅಚ್ಚೊತ್ತಿದೆ ಎಂಬ ಕಾರಣಕ್ಕೆ: ಓರ್ಲಿ ವಿಮಾನ ನಿಲ್ದಾಣ, ಒಂದು ಹೆಣ್ಣಿನ ಮುಖ, ಕುಸಿದು ಬೀಳುವ ಗಂಡಸು. ಕೆಲಸ ಮುಗಿದ ಮೇಲೆ ಭವಿಷ್ಯದ ಜನ ಅವನಿಗೆ ಆಶ್ರಯ ಕೊಡಲು ಬರುತ್ತಾರೆ. ಅವನು ಅದನ್ನು ಬಿಟ್ಟು, ಆ ಮುಖವಿದ್ದ ಕಾಲಕ್ಕೇ ಕಳಿಸಿ ಎನ್ನುತ್ತಾನೆ. ಅವಳತ್ತ ಓಡುವಾಗ ಗುಂಡು ತಗಲುತ್ತದೆ. ಬಾಲಕನಾಗಿ ತಾನು ಕಂಡದ್ದು ತನ್ನದೇ ಸಾವೆಂದು ಆಗ ತಿಳಿಯುತ್ತದೆ.

ಪಾರಾಗುವ ಬಾಗಿಲು ಅವನಿಗೆ ತೆರೆದಿತ್ತು ಎಂಬುದನ್ನು ಗಮನಿಸಿ. ಅವನನ್ನು ಆ ವಿಮಾನ ನಿಲ್ದಾಣಕ್ಕೆ ಕರೆತಂದದ್ದು ಅವನ ಒಲವು. ಅದಕ್ಕೇ ಅವನ ಸಾವಿಗೆ ನಮ್ಮ ಕಣ್ಣು ತುಂಬುತ್ತದೆ.

ಕಾಲಯಾನದ ಕಥೆ ಬರೆಯಲು ಕೂತ ಕಿರಿಯರಲ್ಲಿ ನನ್ನದೊಂದು ವಿನಂತಿ. ಕುಣಿಕೆಯ ನಕ್ಷೆ ಬಿಡಿಸುವ ಮುನ್ನ ನಿಮ್ಮ ಪಾತ್ರ ಯಾರ ಮುಖವನ್ನು ಮರೆಯಲಾರದು ಎಂದು ಕೇಳಿಕೊಳ್ಳಿ. ನಕ್ಷೆಯನ್ನು ಆಮೇಲೆ ಬಿಡಿಸಿ.