ಮಾದರಿ ವಿಮಾನವನ್ನು ಅಳೆದು ನೋಡುವುದು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳು ಜೋಡಿಸುವ ಪ್ಲಾಸ್ಟಿಕ್ ವಿಮಾನದ ವಿಷಯ ರಾಜ್ಯೋತ್ಸವದ ವೇದಿಕೆಗೆ ತಕ್ಕುದೇ ಎಂದು ಹಿರಿಯರು ಕೇಳಬಹುದು. ಕೊಚ್ಚಿಯಲ್ಲಿ 1953ರಿಂದ ನೌಕಾಪಡೆಯ ಗರುಡ ವಿಮಾನನೆಲೆಯಿದೆ. ತಿರುವನಂತಪುರದಲ್ಲಿ 1984ರಿಂದ ವಾಯುಪಡೆಯ ದಕ್ಷಿಣ ಕಮಾಂಡ್ ಇದೆ. ಇಂಥ ಊರುಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ವಿಮಾನದ ಹುಚ್ಚು ಹಿಡಿಯುವುದು ಸಹಜ. ಅಂಗಡಿಯಿಂದ ಕಿಟ್ ತರುತ್ತಾರೆ, ಅಂಟಿಸುತ್ತಾರೆ, ತ್ರಿವರ್ಣದ ಗುರುತು ಹಚ್ಚುತ್ತಾರೆ, “ಇದು ನಮ್ಮ ಬೆಂಗಳೂರಿನಲ್ಲಿ ಮಾಡಿದ ವಿಮಾನ” ಎಂದು ನೆರೆಯ ಮಲಯಾಳಿ ಗೆಳೆಯರಿಗೆ ಹೆಮ್ಮೆಯಿಂದ ತೋರಿಸುತ್ತಾರೆ. ಬೆಂಗಳೂರನ್ನು ರಜೆಯಲ್ಲಿ ಮಾತ್ರ ಕಾಣುವ ಮಗುವಿಗೆ ಆ ಅಂಗೈಯಗಲದ ವಸ್ತುವೇ ಆ ವಿಮಾನ. ಅದು ಬೇರೊಂದು ವಿಮಾನವಾಗಿದ್ದರೆ?

ಹಾಗೆ ಆಗುವುದುಂಟು. ನ್ಯಾಟ್ ಎಂಬ ಪುಟ್ಟ ಕಾಳಗದ ವಿಮಾನವನ್ನೇ ತೆಗೆದುಕೊಳ್ಳಿ. ವಿನ್ಯಾಸ ಇಂಗ್ಲೆಂಡಿನ ಫೋಲೆಂಡ್ ಕಂಪನಿಯದು. ಲೈಸೆನ್ಸ್ ಪಡೆದು ಇಲ್ಲಿ ತಯಾರಿಸಿದ್ದು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಹೋರಾಡಿ ಮಡಿದು ಪರಮವೀರ ಚಕ್ರಕ್ಕೆ ಪಾತ್ರರಾದ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಅವರು ಹಾರಿಸುತ್ತಿದ್ದುದು ನ್ಯಾಟನ್ನೇ. ಅದರಲ್ಲಿ ಒಬ್ಬನಿಗೇ ಸ್ಥಳ. ಬ್ರಿಟಿಷ್ ವಾಯುಪಡೆ ಬಳಕೆಗೆ ತೆಗೆದುಕೊಂಡದ್ದಾದರೋ ಇಬ್ಬರು ಕೂರುವ ತರಬೇತಿಯ ನ್ಯಾಟನ್ನು. ರೆಡ್ ಆ್ಯರೋಸ್ ತಂಡದ ಕಸರತ್ತಿನಿಂದ ಅದೇ ಲೋಕಪ್ರಸಿದ್ಧವಾಯಿತು. ಏರ್‌ಫಿಕ್ಸ್ ಕಂಪನಿ 1960ರ ದಶಕದಲ್ಲಿ ತಂದ ಕಿಟ್ ಕೂಡ ಈ ತರಬೇತಿ ವಿಮಾನದ್ದೇ.

ಹಿಂದಿನ ಆಸನ ಮುಚ್ಚಿ ಬಣ್ಣ ಬಳಿದರೆ ನಮ್ಮ ನ್ಯಾಟ್ ಆಯಿತಲ್ಲ ಎನ್ನುವವರಿದ್ದಾರೆ. ಆಗುವುದಿಲ್ಲ. ಪೆಟ್ಟಿಗೆಯ ಮೇಲೆ 1/72 ಎಂದಿದ್ದರೆ ಆರಡಿ ಎತ್ತರದ ಆಳು ಒಂದಂಗುಲವಾಗುತ್ತಾನೆ ಎಂದು ಲೆಕ್ಕ. ತರಬೇತಿ ನ್ಯಾಟಿನ ರೆಕ್ಕೆಗಳ ಹರವು 24 ಅಡಿ. ಮಾದರಿಯಲ್ಲಿ ಸರಿಯಾಗಿ 4 ಅಂಗುಲ. ಒಬ್ಬರು ಕೂರುವ ನ್ಯಾಟಿನದು 22 ಅಡಿಗಿಂತ ತುಸು ಹೆಚ್ಚು. ಮಾದರಿಯಲ್ಲಿ ಮೂರೂ ಮುಕ್ಕಾಲು ಅಂಗುಲಕ್ಕೂ ಸ್ವಲ್ಪ ಕಡಮೆ. ರೆಕ್ಕೆಯನ್ನೇ ದೊಡ್ಡದು ಮಾಡಿ ಬೇರೆಯಾಗಿ ರಚಿಸಿದ್ದರು. ಒಬ್ಬರು ಕೂರುವ ನ್ಯಾಟಿನ ಕಿಟ್ಟುಗಳೂ ಈಚೆಗೆ ಬಂದಿವೆ. ಆದುದರಿಂದ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ “ಚೆನ್ನಾಗಿದೆಯೇ?” ಎಂಬುದಲ್ಲ, “ಯಾವುದು?” ಎಂಬುದು.

ಅಳತೆಯೊಂದು ಸರಿಬಂದ ಮಾತ್ರಕ್ಕೆ ಆಕಾರ ಬಂತೆಂದು ತಿಳಿಯಬಾರದು. ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ತಜ್ಞರು ಎಚ್.ಎ.ಎಲ್.ನಲ್ಲಿದ್ದು ರೂಪಿಸಿದ ಮಾರುತ್ 1961ರ ಜೂನ್ 17ರಂದು ಮೊದಲು ಹಾರಿತು. ಅದರ ರೆಕ್ಕೆಗಳ ಹರವು 9 ಮೀಟರ್. 1/72ರಲ್ಲಿ 125 ಮಿಲಿಮೀಟರ್. ಒಂದು ಮಿಲಿಮೀಟರಿನ ಹೆಚ್ಚುಕಡಮೆಯನ್ನು ನಾನು ಮನ್ನಿಸುತ್ತೇನೆ. ಆದರೆ ಮಾರುತ್‌ನ ಒಡಲು ನಡುವಿನಲ್ಲಿ ಸಣ್ಣಗಾಗಿದೆ. ವೇಗ ಹೆಚ್ಚಿದಂತೆ ಗಾಳಿಯ ತಡೆ ಮಿತಿಮೀರದಿರಲೆಂದು ಹಾಗೆ ಮಾಡಿದ್ದು. ಆ ಸೊಂಟವಿಲ್ಲದ ಮಾದರಿಯ ಉದ್ದಗಲಗಳು ಎಷ್ಟೇ ಸರಿಯಿದ್ದರೂ ಅದು ಮಾರುತ್ ಅಲ್ಲ. ಫೋಟೋವೊಂದನ್ನೇ ನಂಬಿಯೂ ತೀರ್ಪು ಕೊಡಬೇಡಿ. ಹತ್ತಿರ ನಿಂತು ತೆಗೆದ ಚಿತ್ರದಲ್ಲಿ ಮೂತಿ ಉಬ್ಬಿ ಬಾಲ ಕುಗ್ಗುತ್ತದೆ. ಪುಸ್ತಕಗಳಲ್ಲಿ ಕೊಡುವ ಉದ್ದ ಮೂತಿಯ ಸಲಾಕೆಯನ್ನು ಸೇರಿಸಿಯೋ ಬಿಟ್ಟೋ ಎಂಬುದನ್ನೂ ನೋಡಬೇಕು. ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮಾರುತನ್ನು ಸುತ್ತು ಬಂದು ನೋಡಲಿ ಮಕ್ಕಳು. ಆಕಾರಕ್ಕೆ ಅದೇ ಸಾಕ್ಷಿ. ಬಣ್ಣಕ್ಕಲ್ಲ, ಪ್ರದರ್ಶನಕ್ಕಿಟ್ಟ ವಿಮಾನಗಳಿಗೆ ಮತ್ತೆ ಮತ್ತೆ ಬಣ್ಣ ಬಳಿಯುವ ವಾಡಿಕೆಯಿದೆ.

ಇನ್ನು ಕಿಟ್ಟಿನ ಗುಣ. ತಟ್ಟೆಗಳ ನಡುವಿನ ಗೆರೆಗಳು, ರಿವೆಟ್ಟುಗಳು ಎದ್ದು ಕಂಡರೆ ನಾವು ಮರುಳಾಗುತ್ತೇವೆ. ಅರ್ಧ ಮಿಲಿಮೀಟರ್ ಗೀರೆಂದರೆ ನಿಜವಾದ ವಿಮಾನದ ಮೇಲೆ 36 ಮಿಲಿಮೀಟರ್ ಅಗಲದ ಕಾಲುವೆ! ಎರಡು ಬೆರಳು ಇಳಿಯುವಷ್ಟು ಬಿರುಕಿರುವ ವಿಮಾನವನ್ನು ಯಾರು ತಾನೆ ಹತ್ತುತ್ತಾರೆ? ಭಾಗಗಳು ಒಂದಕ್ಕೊಂದು ಕೂಡುವುದಿಲ್ಲವೆಂದು ದೂರುವವರಿದ್ದಾರೆ; ದೂರು ನ್ಯಾಯವೇ. ಆದರೂ ಚೆನ್ನಾಗಿ ಕೂಡುವ ತಪ್ಪು ಆಕಾರಕ್ಕಿಂತ ಕೂಡಲು ಹಟಮಾಡುವ ಸರಿ ಆಕಾರವೇ ನನಗೆ ಮೇಲು. ತಾಯಂದಿರು ಬಲ್ಲರು: ರವಿಕೆಯ ಹೊಲಿಗೆ ಒರಟಾದರೆ ಬಿಚ್ಚಿ ಹೊಲಿಯಬಹುದು, ಕತ್ತರಿಸುವಾಗಲೇ ಅಳತೆ ತಪ್ಪಿದರೆ ಬಟ್ಟೆ ಹಾಳು. ಬಿರುಕಿಗೆ ಪುಟ್ಟಿಯುಂಟು, ಉಪ್ಪುಕಾಗದವುಂಟು.

ಕೊನೆಗೆ, ಅಂಟಿಸುವ ಗುರುತು. ನಮ್ಮ ವಾಯುಪಡೆಯ ದುಂಡು ಗುರುತಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಕೇಸರಿ ಕೆಂಪಾಗಿದ್ದರೆ, ಹಸಿರು ಚುಕ್ಕೆ ಬಿಳಿಯ ನಟ್ಟನಡುವೆ ಕೂರದೆ ಒಂದು ಬದಿಗೆ ಸರಿದಿದ್ದರೆ, ಆ ಹಾಳೆಯನ್ನು ಬಿಟ್ಟು ಬೇರೆ ತರಿಸಿ.

ಇಷ್ಟು ಹೇಳಿದ ಮೇಲೆ ಬಹುಮಾನದ ನಿರ್ಣಯವನ್ನು ನಾನೊಬ್ಬನೇ ಮಾಡುವುದು ಸರಿಯಲ್ಲ. ಮೇಜಿನ ಮೇಲೆ ಅಡಿಕೋಲಿದೆ, ಅಳತೆಗಳ ಪಟ್ಟಿಯಿದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಪಕ್ಕದವರ ವಿಮಾನವನ್ನು ಅಳೆಯಲಿ.