ಹಾಡನ್ನು ಮಡಚಿಡುವ ಬಗೆ

ಭಾನುವಾರ ಸಂಜೆ ನಮ್ಮ ಮನೆಯಲ್ಲಿ ವೀಣೆ ನುಡಿಯುತ್ತಿತ್ತು. ಹಾಡುಗಳೆಲ್ಲ ಇರುವುದು ಮಹಡಿಯ ಕಂಪ್ಯೂಟರಿನಲ್ಲಿ, ಸ್ಪೀಕರ್ ಇರುವುದು ಕೆಳಗಿನ ಹಜಾರದಲ್ಲಿ. ನಡುವೆ ಹಾಡನ್ನು ಹೊತ್ತು ತರುವುದು ವೈಫೈ. ಆಲಾಪನೆ ಏರುತ್ತಿದ್ದ ಹಾಗೆಯೇ ನಾದ ತಟಕ್ಕನೆ ನಿಂತಿತು, ಬಂತು, ಮತ್ತೆ ನಿಂತಿತು.

"ಅತ್ತೆ, ಹಾಡೇ ಹಾಳಾಗಿದ್ಯಾ?" ಅಂದಳು ಅಣ್ಣನ ಮಗಳು.

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ! ತಪ್ಪು ಹಾಡಿನ ಫೈಲ್‌ನಲ್ಲಿದೆಯೋ, ಅದು ಬರುವ ದಾರಿಯಲ್ಲಿದೆಯೋ? ಇಬ್ಬರೂ ಮಹಡಿ ಹತ್ತಿ, ಕಂಪ್ಯೂಟರಿಗೇ ಇಯರ್‌ಫೋನ್ ಹಾಕಿ ಅದೇ ಫೈಲ್ ಕೇಳಿದೆವು. ಎಲ್ಲೂ ತಡೆಯಲಿಲ್ಲ. ಹಾಗಾದರೆ ತೊಂದರೆ ದಾರಿಯಲ್ಲಿ. ಅಷ್ಟರಲ್ಲಿ ಅಡುಗೆಮನೆಯ ಮೈಕ್ರೋವೇವ್ ಒಲೆ 'ಟಿಣ್' ಎಂದು ನಿಂತಿತು. ಕೆಳಗೆ ವೀಣೆಯೂ ಸರಾಗವಾಯಿತು.

ಆ ಒಲೆಯೊಳಗಿನ ಅಲೆ ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುತ್ತದೆ. ನಮ್ಮ ವೈಫೈ ಅಲೆ ಸುಮಾರು 240 ಕೋಟಿ ಸಲ. ಎರಡೂ ಅಕ್ಕಪಕ್ಕ. ಒಲೆಯಿಂದ ತುಸುವೇ ಸೋರುವ ಅಲೆ ವೈಫೈಯ ಮಾತಿನ ನಡುವೆ ಗದ್ದಲ ಎಬ್ಬಿಸುತ್ತದೆ. ಸ್ಪೀಕರ್ ಮಾತ್ರ ಕೊಂಚ ಹಾಡನ್ನು ಮುಂಚೆಯೇ ತುಂಬಿಟ್ಟುಕೊಂಡಿರುತ್ತದೆ, ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಹಾಗೆ. ಬೀದಿಯ ನೀರು ನಿಂತರೂ ನಲ್ಲಿ ಸ್ವಲ್ಪ ಹೊತ್ತು ಸುರಿಯುತ್ತದಲ್ಲ? ಟ್ಯಾಂಕು ಬರಿದಾದರೆ ಹಾಡು ನಿಲ್ಲುತ್ತದೆ. ವೈಫೈ ರೂಟರನ್ನು 5 ಗಿಗಾಹರ್ಟ್ಸ್‌ಗೆ, ಅಂದರೆ ಒಲೆಯ ಅಲೆಗಿಂತ ಬಹಳ ಹೆಚ್ಚು ಸಲ ಕಂಪಿಸುವ ಅಲೆಗೆ, ಬದಲಿಸಿದೆವು. ಆಮೇಲೆ ಒಲೆ ಹಚ್ಚಿದರೂ ವೀಣೆ ನಿಲ್ಲಲಿಲ್ಲ.

ಇನ್ನು ಫೈಲ್‌ನ ಕಥೆ. ಸಿ.ಡಿ.ಯಲ್ಲಿ ಹಾಡು ಇರುವುದು ಅಂಕಿಗಳಾಗಿ: ಎಡಗಿವಿಗೆ ಸೆಕೆಂಡಿಗೆ 44,100, ಬಲಗಿವಿಗೂ ಅಷ್ಟೇ. ಒಂದು ನಿಮಿಷದ ಹಾಡಿಗೆ ಸುಮಾರು 10 ಎಂಬಿ ಜಾಗ ಬೇಕು. ಒಂದು ಅಂಕಿಯನ್ನೂ ಕಳೆಯದೆ ಇದನ್ನು ಚಿಕ್ಕದು ಮಾಡಬಹುದೇ? 2001ರಲ್ಲಿ ಜೋಶ್ ಕೋಲ್ಸನ್ ಎಲ್ಲರಿಗೂ ಉಚಿತವಾಗಿ ಕೊಟ್ಟ ಫ್ಲ್ಯಾಕ್ ಎಂಬ ವಿಧಾನ ಮಾಡುವುದು ಅದನ್ನೇ. ಪೆನ್ಸಿಲ್ ತೆಗೆದುಕೊಳ್ಳಿ, ನಾವೂ ಮಾಡೋಣ.

ಅಂಕಿಗಳು 100, 103, 106, 108, 110 ಎಂದಿರಲಿ. ಮೊದಲ ಎರಡನ್ನು ಹಾಗೇ ಬರೆಯಿರಿ. 3 ಏರಿತಲ್ಲ, ಮುಂದೆಯೂ 3 ಏರುತ್ತದೆ ಎಂದು ಊಹಿಸಿ: 106. ಸರಿಯಾಯಿತು, 0 ಬರೆಯಿರಿ. ಮುಂದಿನ ಊಹೆ 109. ಇರುವುದು 108, ಒಂದು ಕಡಿಮೆ. -1 ಬರೆಯಿರಿ. ಈ ಸಲ ಏರಿದ್ದು 2, ಹಾಗಾಗಿ ಊಹೆ 110. ಅದೇ ಇದೆ, 0. ಈಗ ನಿಮ್ಮ ಹಾಳೆಯಲ್ಲಿರುವುದು 100, 103, 0, -1, 0. ಸಣ್ಣ ಅಂಕಿಗೆ ಕಡಿಮೆ ಜಾಗ ಸಾಕು. ಊಹಿಸುವ ನಿಯಮ ಗೊತ್ತಿದ್ದವರು ಇದರಿಂದ ಹಳೆಯ ಸಾಲನ್ನು ಚೂರೂ ತಪ್ಪದೆ ಮರಳಿ ಬರೆಯಬಲ್ಲರು. ಸೀರೆ ಮಡಚಿ ಪೆಟ್ಟಿಗೆಯಲ್ಲಿಟ್ಟು ಮತ್ತೆ ಬಿಚ್ಚಿದಂತೆ. ಚಪ್ಪಾಳೆಯ ಸದ್ದು ಮಾತ್ರ ಅಷ್ಟಾಗಿ ಮಡಚಿಕೊಳ್ಳುವುದಿಲ್ಲ, ಮುಂದೇನು ಬರುತ್ತದೆಂದು ಊಹೆಗೆ ಸಿಗದು.

ಎಂಪಿ3 ದಾರಿ ಬೇರೆ. ನಮ್ಮ ಕಿವಿ ಅಷ್ಟಾಗಿ ಗಮನಿಸದ ಭಾಗಗಳನ್ನು ಅದು ಬಿಟ್ಟೇಬಿಡುತ್ತದೆ. ಒಮ್ಮೆ ನಾನು ನನ್ನ ಎಂಪಿ3ಗಳನ್ನೆಲ್ಲ ಫ್ಲ್ಯಾಕ್‌ಗೆ ಬದಲಿಸಿ ಕುಳಿತೆ. ಫೈಲ್‌ಗಳು ದಪ್ಪವಾದವು, ಹಾಡು ಮಾತ್ರ ಇದ್ದ ಹಾಗೇ ಇತ್ತು. ಕತ್ತರಿಸಿದ ಸೀರೆಯನ್ನು ಎಷ್ಟು ಚೆನ್ನಾಗಿ ಮಡಚಿದರೂ ಹೋದ ಸೆರಗು ಬರುವುದಿಲ್ಲ.

ಫ್ಲ್ಯಾಕ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು ಇನ್ನೊಂದಿದೆ. ಮಡಚುವಾಗಲೇ ಅದು ಮೂಲ ಅಂಕಿಗಳ ಒಂದು 'ಬೆರಳಚ್ಚು' ತೆಗೆದು ಫೈಲ್‌ನಲ್ಲಿಡುತ್ತದೆ. ಪರೀಕ್ಷಿಸುವಾಗ ಒಂದೇ ಒಂದು ಅಂಕಿ ಬದಲಾಗಿದ್ದರೂ ಬೆರಳಚ್ಚು ಹೊಂದುವುದಿಲ್ಲ. ಆದರೆ ಗೀರು ಬಿದ್ದ ಸಿ.ಡಿ.ಯನ್ನು ಓದುವಾಗಲೇ ತಪ್ಪಾಗಿದ್ದರೆ ಅದನ್ನು ಈ ಬೆರಳಚ್ಚು ಹಿಡಿಯಲಾರದು. ಎರಡು ಸಲ ಓದಿಸಿ ಹೋಲಿಸಿ ನೋಡಬೇಕು.

ನಿಮ್ಮ ಮನೆಯ ಕಪಾಟಿನಲ್ಲೂ ಹಳೆಯ ಸಿ.ಡಿ.ಗಳಿದ್ದರೆ ದೊಡ್ಡವರನ್ನು ಕೂರಿಸಿಕೊಂಡು ಮೊದಲು ಒಂದು ಫ್ಲ್ಯಾಕ್ ಪ್ರತಿ ಮಾಡಿಸಿ. ಎಂಪಿ3 ಬೇಕಾದರೆ ಅದರಿಂದ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು.