ಅಳಿಸುವ ಮೊದಲು ಆರಿಸಿ



ಫಿಲಂ ರೀಲಿನ ಕಾಲದಲ್ಲಿ ಪ್ರವಾಸಕ್ಕೆ ಹೊರಟವರ ಕ್ಯಾಮೆರಾದಲ್ಲಿ ಹೆಚ್ಚೆಂದರೆ 36 ಫೋಟೊ. ರೀಲು ತೊಳೆಸಬೇಕು, ಪ್ರಿಂಟ್ ಹಾಕಿಸಬೇಕು, ಎಲ್ಲಕ್ಕೂ ದುಡ್ಡು. ಹಾಗಾಗಿ ಆಯ್ಕೆ ಗುಂಡಿ ಒತ್ತುವ ಮೊದಲೇ ಮುಗಿಯುತ್ತಿತ್ತು. ಈಗ ಒತ್ತುವುದು ಪುಕ್ಕಟೆ, ಆರಿಸುವ ಕೆಲಸ ಮನೆಗೆ ಬಂದ ಮೇಲೆ. ಆ ಕೆಲಸವನ್ನು ಯಾರೂ ಮಾಡುವುದಿಲ್ಲ. ಗೂಗಲ್ ಫೋಟೋಸ್ ಕೂಡ 2021ರ ಜೂನ್ 1ರಿಂದ ಲೆಕ್ಕ ಬಿಗಿ ಮಾಡಿತು; ಜಿಮೇಲ್, ಡ್ರೈವ್ ಎಲ್ಲ ಸೇರಿ ಉಚಿತ ಜಾಗ 15 ಜಿಬಿ ಮಾತ್ರ. ‘ಸ್ಟೋರೇಜ್ ಫುಲ್’ ಎಂದು ಫೋನು ತಕರಾರು ತೆಗೆದ ದಿನ ಕೈಗೆ ಸಿಕ್ಕಿದ್ದನ್ನು ಅಳಿಸುತ್ತೇವೆ.

ಬೆಂಗಳೂರಿನ ನಾಯಂಡಹಳ್ಳಿಯ ಒಂದು ಮನೆಯವರು ಭಾನುವಾರ ಸೋಮನಾಥಪುರ ನೋಡಿ ಬಂದರು ಅಂತಿಟ್ಟುಕೊಳ್ಳಿ. ನಾಲ್ಕು ಜನ, ನಾಲ್ಕು ಫೋನು. ಮೊದಲು ಎಲ್ಲ ಫೋಟೊಗಳೂ ಒಂದೇ ಕಂಪ್ಯೂಟರಿಗೆ ಬರಲಿ, ಕೇಬಲ್ಲಿನಿಂದ ಬಂದರೆ ಒಳ್ಳೆಯದು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಅಷ್ಟೇ ಅಲ್ಲ, ಯಾವ ದಿನ, ಎಷ್ಟು ಹೊತ್ತಿಗೆ ತೆಗೆದದ್ದು ಎಂದು ಕಡತದೊಳಗೆ ಇದ್ದ ಬರಹವೂ ಅಳಿಸಿಹೋಗುತ್ತದೆ. ನಮಗೆ ಬೇಕಾದದ್ದೇ ಆ ಬರಹ. ಹೊತ್ತಿನ ಪ್ರಕಾರ ಜೋಡಿಸಿದರೆ ನಾಲ್ಕೂ ಫೋನಿನ ಚಿತ್ರಗಳು ಒಂದರೊಳಗೊಂದು ಬೆರೆತು, ಒಂದೇ ಗಳಿಗೆಯಲ್ಲಿ ಒಂದೇ ಗೋಪುರಕ್ಕೆ ನಾಲ್ವರೂ ಫೋನು ಹಿಡಿದದ್ದು ಬಯಲಾಗುತ್ತದೆ.

ಇಲ್ಲಿಂದ ಒಂದೊಂದೇ ಗುಂಪು ನೋಡಿ. ಬಿಡಿಯಾಗಿ ನೋಡಿದರೆ ಯಾವ ಫೋಟೊವೂ ಅಳಿಸುವಷ್ಟು ಕೆಟ್ಟದ್ದಲ್ಲ. ಪಕ್ಕಪಕ್ಕ ಇಟ್ಟಾಗ ಒಂದರಲ್ಲಿ ಕಣ್ಣು ಮುಚ್ಚಿದೆ, ಇನ್ನೊಂದರಲ್ಲಿ ಕೈ ಅಲುಗಿದೆ. ಅಕ್ಕಿಯಲ್ಲಿ ನಾವು ಕಲ್ಲು ಆರಿಸುವುದು ಕಲ್ಲು ಕಡಿಮೆ ಇರುತ್ತದೆ ಎಂದು. ಪ್ರವಾಸದ ಫೋಟೊಗಳಲ್ಲಿ ಅಕ್ಕಿಯೇ ಕಡಿಮೆ. ಆದ್ದರಿಂದ ‘ಯಾವುದನ್ನು ತೆಗೆಯಲಿ’ ಎಂದು ಕೇಳಬೇಡಿ, ‘ಯಾವುದನ್ನು ಉಳಿಸಲಿ’ ಎಂದು ಕೇಳಿ. ಗ್ಯಾಲರಿಯ ಹೃದಯದ ಗುರುತೋ ನಕ್ಷತ್ರವೋ ಇದಕ್ಕೇ ಇರುವುದು.

ಏನನ್ನು ಉಳಿಸಬೇಕು? ಸೋಮನಾಥಪುರದ ಹೊಯ್ಸಳ ದೇವಾಲಯ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆ ಮೂರು ಗೋಪುರದ ಕೇಶವ ದೇವಾಲಯದ ಚಿತ್ರ ಬೇಕಾದರೆ ನಮಗಿಂತ ಚೆನ್ನಾಗಿ ತೆಗೆದವರು ಸಾವಿರ ಮಂದಿ ಇದ್ದಾರೆ. ನಿಮ್ಮವರು ನಿಂತಿರುವ ಒಂದು ಸಾಕು. ಆದರೆ ವಿಗ್ರಹದ ಕೆಳಗೆ ಮಲ್ಲಿತಮ್ಮ ಎಂಬ ಶಿಲ್ಪಿ ಕೆತ್ತಿಕೊಂಡ ತನ್ನ ಹೆಸರನ್ನು ಮಗಳು ಹತ್ತಿರದಿಂದ ತೆಗೆದಿದ್ದರೆ ಅದನ್ನು ಬಿಡಬೇಡಿ. ಜಗತಿಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿರುವ ಅಜ್ಜಿಯನ್ನೂ.

ಸಪ್ಪೆ ಫೋಟೊಗಳ ಪರವಾಗಿಯೂ ಒಂದು ಮಾತು ಹೇಳಲೇಬೇಕು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಹಾಳು ಗುಡಿಗಳನ್ನು ಸೆರೆಹಿಡಿದ. 1983ರಲ್ಲಿ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ನಡುವಿನ ಕಾಲದಲ್ಲಿ ಏನು ಬಿದ್ದಿತು, ಏನನ್ನು ಎತ್ತಿ ನಿಲ್ಲಿಸಿದರು ಎಂದು ಎರಡನ್ನೂ ಹೋಲಿಸಿ ಹೇಳಬಹುದು. ಹಂಪಿಗೇ ಇದು ಮೀಸಲಲ್ಲ. ಮೈಸೂರು ರಸ್ತೆಗೆ ಹೊರ ವರ್ತುಲ ರಸ್ತೆ ಸೇರುವ ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಬೇಸರಕ್ಕೆ ತೆಗೆದ ಚಿತ್ರಗಳು ಎಷ್ಟೋ ಮನೆಗಳಲ್ಲಿದ್ದವು. ಅಳಿಸುವಾಗ ಮೊದಲು ಹೋಗುವುದೂ ಅವೇ. ಇಲ್ಲಿ ಮೆಟ್ರೊ ಓಡಾಟ ಶುರುವಾದದ್ದು 2021ರ ಆಗಸ್ಟ್ 30ಕ್ಕೆ. ಕಂಬಗಳೇಳುವ ಮುಂಚಿನ ಜಂಕ್ಷನ್ ಈಗ ಅಂಥ ಚಿತ್ರಗಳಲ್ಲಿ ಮಾತ್ರ ಇದೆ. ಸ್ವಲ್ಪ ಮಸುಕಾಗಿದ್ದರೂ ಪರವಾಗಿಲ್ಲ. ಬೋರ್ಡು, ಅಂಗಡಿ, ಬಸ್ಸಿನ ಬಣ್ಣ ಕಂಡರೆ ಇಟ್ಟುಕೊಳ್ಳಿ. ಎಲ್ಲ ಟ್ರಾಫಿಕ್ಕನ್ನೂ ಅಲ್ಲ, ಊರಿಗೊಂದು ಸಾಕು.

ಗುರುತು ಹಾಕುವ ಕೆಲಸಕ್ಕೆ ಬಿಡುವು ಹುಡುಕಬೇಕಿಲ್ಲ. ಸೀಟು ಸಿಕ್ಕಿದರೆ ನಾಯಂಡಹಳ್ಳಿಯಿಂದ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಒಂದು ಬೆಳಗಿನ ಫೋಟೊಗಳು ಮುಗಿಯುತ್ತವೆ. ಅಳಿಸುವುದನ್ನು ಮಾತ್ರ ರೈಲಿನಲ್ಲಿ ಮಾಡಬೇಡಿ. ಗೂಗಲ್ ಫೋಟೋಸಿನಲ್ಲಿ ಬ್ಯಾಕಪ್ ಆದ ಚಿತ್ರವನ್ನು ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ, ಗೂಗಲ್ ಖಾತೆಯಿಂದಲೂ ಹೋಗುತ್ತದೆ. ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ ಅಷ್ಟೆ. ಉಳಿಸಿದವನ್ನು ಹಾರ್ಡ್ ಡಿಸ್ಕಿಗೆ ಹಾಕಿ, ನಾಲ್ಕೈದು ಚಿತ್ರ ತೆರೆಯುತ್ತವೆಯೇ ನೋಡಿ, ಆಮೇಲೆ ಬುಟ್ಟಿ ಖಾಲಿ ಮಾಡಿ.